ಅವಳ ಮಂಡಿಗೆ ನಾನು ಹೊಣೆ

ನನ್ನ ಹೆದರಿಕೆ ಹುಟ್ಟುವುದು ಬಲ ಮಂಡಿಯಲ್ಲಿ. ಅಲ್ಲಿಂದ ಹೊಟ್ಟೆಗೆ ಏರಿ, ಬಾಯಿಗೆ ಬರುವಷ್ಟರಲ್ಲಿ ಬೈಗುಳವಾಗಿರುತ್ತದೆ. ಹಾಗಾಗಿ ನಮ್ಮ ಕಬಡ್ಡಿ ಟೀಮಿನ ಹುಡುಗಿಯರ ಬಾಯಲ್ಲಿ ನಾನು ಬಜಾರಿ ಅಕ್ಕ. ಬಜಾರಿಯ ಒಳಗೆ ಇಂಥ ಪುಕ್ಕಲಿ ಕೂತಿದ್ದಾಳೆ ಅಂತ ಅವರಿಗೆ ಗೊತ್ತಾಗಲು ಬಹಳ ದಿನ ಹಿಡಿಯಿತು.

ನಂಜನಗೂಡಿನಲ್ಲಿ ಹಿಂದೆ ನಮ್ಮದೊಂದು ಟೀಮಿತ್ತು. ನಾನು ಅದರ ರೈಡರ್. ಎದುರಾಳಿಗಳ ಅಂಕಣಕ್ಕೆ ಒಬ್ಬಳೇ ನುಗ್ಗಿ, ಯಾರನ್ನಾದರೂ ಮುಟ್ಟಿ, ನಡುಗೆರೆಗೆ ವಾಪಸ್ ಬರುವವಳು. ನಮ್ಮ ಅಂಕಣ ಮಣ್ಣಿನದು. ನಮಗೆ ಆಟ ಕಲಿಸುತ್ತಿದ್ದ ಮೇಷ್ಟ್ರು ಹುಲ್ಲಹಳ್ಳಿಯ ಮಿಲ್ಲಿನಿಂದ ಭತ್ತದ ಹೊಟ್ಟು ತರಿಸಿ, ಜರಡಿ ಹಿಡಿದ ಮಣ್ಣಿಗೆ ಬೆರೆಸಿ, ನೀರು ಚಿಮುಕಿಸಿ, ನಮ್ಮ ಕೈಲೇ ತುಳಿಸುತ್ತಿದ್ದರು. ಆ ಮಣ್ಣಲ್ಲಿ ಬರಿಗಾಲಿನ ಹಿಮ್ಮಡಿ ಊರಿ ಗಿರ್ರನೆ ತಿರುಗಿದರೆ ಹಿಡಿಯಲು ಬಂದವಳ ಕೈಗೆ ಏನೂ ಸಿಗುತ್ತಿರಲಿಲ್ಲ. ಹಿಮ್ಮಡಿಯ ಕೆಳಗೆ ಹೊಟ್ಟು ಜರುಗಿ ದಾರಿ ಬಿಡುತ್ತಿತ್ತು. ನಾವದನ್ನು ಬುಗುರಿ ಅನ್ನುತ್ತಿದ್ದೆವು. ಸುತ್ತಮುತ್ತ ಬೇರೆ ಯಾವ ಟೀಮಿಗೂ ಅದು ಬರುತ್ತಿರಲಿಲ್ಲ.

ಆಮೇಲೆ ಎಲ್ಲ ಕಡೆ ಮಣ್ಣಿನ ಬದಲು ಮ್ಯಾಟ್ ಬಂತು. ಮೊದಲ ಸಲ ಶೂ ಕಟ್ಟಿಕೊಂಡು ಮ್ಯಾಟಿನ ಮೇಲೆ ರೈಡಿಗೆ ಹೋದವಳು ಅಭ್ಯಾಸಬಲದಿಂದ ಹಿಮ್ಮಡಿ ಊರಿ ಬುಗುರಿ ತಿರುಗಿಬಿಟ್ಟೆ. ನಾನು ತಿರುಗಿದೆ, ಪಾದ ತಿರುಗಲಿಲ್ಲ. ಮ್ಯಾಟು ಶೂವನ್ನು ಕಚ್ಚಿಕೊಂಡಿತ್ತು. ಮಂಡಿಯ ಒಳಗೆ ಹಸಿ ಕಬ್ಬು ಮುರಿದಂಥ ಸದ್ದು. ಈಗಲೂ ಯಾರಾದರೂ ಕಬ್ಬು ಮುರಿದರೆ ನಾನು ಎದ್ದು ಆಚೆ ಹೋಗುತ್ತೇನೆ.

ಆಪರೇಷನ್ ಆಯಿತು. ಟೀಮೂ ಉಳಿಯಲಿಲ್ಲ. ಇಬ್ಬರಿಗೆ ಮದುವೆಯಾಯಿತು, ಒಬ್ಬಳಿಗೆ ಪೊಲೀಸ್ ಕೆಲಸ ಸಿಕ್ಕಿತು, ಮಿಕ್ಕವರು ಒಬ್ಬೊಬ್ಬರೇ ಬರುವುದನ್ನು ಬಿಟ್ಟರು. ಅಂಕಣದಲ್ಲಿ ಯಾರೋ ಎಮ್ಮೆ ಕಟ್ಟತೊಡಗಿದರು. ನಾನು ಗಾರ್ಮೆಂಟ್ಸಿನಲ್ಲಿ ಕೂತು ಬಟ್ಟೆಯ ದಾರ ಕತ್ತರಿಸುವ ಕೆಲಸಕ್ಕೆ ಸೇರಿದೆ. ಕೆಲವು ವರ್ಷ ಹಾಗೇ ಕಳೆದ ಮೇಲೆ ಒಂದು ಸಂಜೆ ಮೇಷ್ಟ್ರು ಗೇಟಿನ ಹತ್ತಿರ ಬಂದು ನಿಂತಿದ್ದರು. ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದು ರಿಟೈರ್ ಆದವರು, ಶಿಳ್ಳೆ ಮಾತ್ರ ಇನ್ನೂ ಕತ್ತಿನಲ್ಲೇ ಇತ್ತು.

"ಟೀಮ್ ಮತ್ತೆ ಕಟ್ಟಾನ ಕಣವ್ವ. ಹೊಸ ಹುಡುಗೀರು. ನೀನು ಬಂದು ಪಕ್ಕದಲ್ಲಿ ನಿಂತ್ಕೊ, ಸಾಕು."

"ಈ ಕಾಲಲ್ಲಾ ಸಾ?"

"ಬಾಯಿ ಚೆನ್ನಾಗೈತಲ್ಲ!"

ಗಾರ್ಮೆಂಟ್ಸಿನ ಗೆಳತಿಯರು ಕೇಳಿ ನಕ್ಕರು. "ಕುಂಟನಿಗೆ ಎಂಟು ಚೇಷ್ಟೆ ಅಂತಾರಲ್ಲ, ಅದು ನೀನೇ ಕಣಮ್ಮಿ," ಅಂದಳು ಒಬ್ಬಳು. ಎಂಟು ಯಾಕೆ, ಇನ್ನೆರಡು ಸೇರಿಸ್ಕೊ ಅಂದೆ. ನಗುತ್ತಲೇ ಅಂದೆ, ಆದರೆ ಮಂಡಿಯಲ್ಲಿ ಆಗಲೇ ಸಣ್ಣಗೆ ಶುರುವಾಗಿತ್ತು.

ಬಿಳಿಗೆರೆ ಕಡೆಯ ಒಂದು ಹಳ್ಳಿಯಿಂದ ಒಬ್ಬ ಹುಡುಗಿ ಬಂದಳು. ಪಿಯುಸಿ ಓದುತ್ತಿದ್ದಳು. ಕಡ್ಡಿಯಂಥ ಕಾಲು, ನಿಂತಲ್ಲಿ ನಿಲ್ಲದ ಜೀವ. ಜೊತೆಯಲ್ಲಿ ಅವಳ ತಾಯಿ, ಕೂಲಿ ಕೆಲಸ ಮುಗಿಸಿ ಹಾಗೇ ಬಂದಿದ್ದ ಹೆಂಗಸು. ಆಕೆ ನನ್ನ ಮುಖ ನೋಡಲೇ ಇಲ್ಲ, ನಡಿಗೆ ನೋಡಿದಳು.

"ನಿನ್ ಕಾಲ್ಗೆ ಏನಾಯ್ತವ್ವ?"

ಸುಳ್ಳು ಹೇಳಬಹುದಿತ್ತು. "ಆಟದಲ್ಲೇ ಆಗಿದ್ದು ಅಕ್ಕ," ಅಂದೆ.

ಆಕೆ ಮಗಳ ರಟ್ಟೆ ಹಿಡಿದಳು. "ನಡೀ ಮಗ, ಮನೆಗೋಗಾನ. ಎಣ್ಮಗ ಕಾಲು ಮುರ್ಕಂಡು ಮೂಲೇಲಿ ಕೂತ್ರೆ ಯಾರು ನೋಡ್ಕತಾರೆ?"

ಹುಡುಗಿ ನನ್ನನ್ನು ನೋಡಿದಳು. ಆ ಕಣ್ಣು ನೋಡಿ ನನಗೆ ಏನಾಯಿತೋ, ಬಾಯಿ ಮುಂದೆ ಓಡಿತು. "ಅಕ್ಕ, ಇವಳ ಮಂಡಿಗೆ ನಾನು ಹೊಣೆ. ಏನೂ ಆಗದಂಗೆ ನೋಡ್ಕೊತೀನಿ."

"ಮಾತು ಕೊಟ್ಟಿದೀಯ. ನೆಪ್ಪಿರ್ಲಿ," ಅಂದು ಆಕೆ ಬಸ್ಸಿಗೆ ಹೋದಳು. ದೇವರೇ, ಇನ್ನೊಬ್ಬರ ಮಂಡಿಗೆ ಯಾರಾದರೂ ಹೊಣೆ ಹೊರುತ್ತಾರೆಯೇ! ನನ್ನ ಸ್ವಂತದ್ದನ್ನೇ ಕಾಪಾಡಿಕೊಳ್ಳಲು ಆಗದವಳು ನಾನು.

ಮೊದಲ ವಾರವೇ ಅವಳು ಯಾರೂ ಹೇಳಿಕೊಡದೆ, ಎಮ್ಮೆ ಬಿಡಿಸಿ ಮತ್ತೆ ಹದ ಮಾಡಿದ್ದ ಆ ಮಣ್ಣಿನಲ್ಲಿ ಬುಗುರಿ ತಿರುಗಿದಳು. ಮಣ್ಣೇ ಹೇಳಿಕೊಟ್ಟಿರಬೇಕು. ಉಳಿದವರು ಚಪ್ಪಾಳೆ ಹೊಡೆದರು. ನಾನು ಮಾತ್ರ "ಇನ್ನೊಂದ್ಸಲ ಹಿಮ್ಮಡಿ ಊರಿದ್ರೆ ಕಾಲು ಮುರಿದು ಕೈಗೆ ಕೊಡ್ತೀನಿ!" ಅಂತ ಕೂಗಿದೆ. ಮಂಡಿಗೆ ಹೊಣೆ ಹೊತ್ತವಳು ಆಡುವ ಮಾತೇ ಅದು?

ಮೇಷ್ಟ್ರು ಎಲ್ಲಿಂದಲೋ ಹಳೆಯ ಮ್ಯಾಟಿನ ತುಂಡುಗಳನ್ನು ತಂದು ಹಾಸಿದರು. ಅದರ ಮೇಲೆ ನಾನು ಹೊಸ ತಿರುಗು ಹೇಳಿಕೊಟ್ಟೆ. ಹಿಮ್ಮಡಿ ಎತ್ತು, ಮುಂಗಾಲಲ್ಲಿ ಸಣ್ಣಗೆ ಹಾರು, ಗಾಳಿಯಲ್ಲೇ ತಿರುಗು, ಆಮೇಲೆ ಊರು. ಬಾಯಲ್ಲಿ ಹೇಳಿದೆ ಅಷ್ಟೆ, ಮಾಡಿ ತೋರಿಸಲು ನನ್ನ ಕಾಲಿಗೆ ಧೈರ್ಯವಿರಲಿಲ್ಲ. ಮಾಡಿ ನೋಡದ ಅಡುಗೆಯನ್ನು ಇನ್ನೊಬ್ಬರಿಗೆ ಬಡಿಸಿದಂತೆ ಆಯಿತು. ಅವಳು ಚೆನ್ನಾಗಿಯೇ ಕಲಿತಳು. ನನಗೇ ನಂಬಿಕೆ ಬರಲಿಲ್ಲ. ಹಾವು ಕಚ್ಚಿದವರಿಗೆ ಹಗ್ಗ ಕಂಡರೂ ನಡುಕ ಅಂತಾರಲ್ಲ, ಹಾಗೆ ಅವಳ ಪಾದ ಮ್ಯಾಟಿಗೆ ತಾಗಿದಾಗಲೆಲ್ಲ ನನ್ನ ಬಲಗಾಲು ತಾನಾಗಿ ಮಡಚಿಕೊಳ್ಳುತ್ತಿತ್ತು.

ಪಂದ್ಯಗಳು ಶುರುವಾದವು. ರೈಡಿಗೆ ಹೊರಡುವ ಮುಂಚೆ ಅವಳು ನಡುಗೆರೆಯ ಹತ್ತಿರ ನಿಂತು ನನ್ನತ್ತ ನೋಡುವುದು ರೂಢಿಯಾಯಿತು. ನಾನು ಅಂಗೈ ಬಿಡಿಸಿ ತೋರಿಸುತ್ತಿದ್ದೆ. ಆಳಕ್ಕೆ ಹೋಗಬೇಡ, ತಿರುಗಬೇಡ, ವಾಪಸ್ ಬಾ. ಅವಳು ಹಾಗೇ ಮಾಡುತ್ತಿದ್ದಳು. ಅವಳನ್ನು ನೋಡಿ ಉಳಿದವರೂ ಬಾಗಿಲಿಗೆ ಬಂದ ನೆಂಟರಂತೆ ಇಣುಕಿ ವಾಪಸ್ ಬರತೊಡಗಿದರು. ಒಂದರ ಮೇಲೊಂದು ಪಂದ್ಯ ಸೋತೆವು. ಪ್ರತಿ ಸಲ ಸೋತಾಗಲೂ ಅವಳ ಮಂಡಿ ನೋಡುತ್ತಿದ್ದೆ. ನೆಟ್ಟಗಿತ್ತು. ನನಗೆ ಅಷ್ಟೇ ಸಾಕಿತ್ತು.

ಮೇಷ್ಟ್ರಿಗೆ ಸಾಕಾಗಿರಲಿಲ್ಲ. ಒಂದು ಬೆಳಿಗ್ಗೆ ನನ್ನನ್ನು ಪಕ್ಕಕ್ಕೆ ಕರೆದರು. "ಸೋತಿದ್ದಕ್ಕೆ ಬೇಜಾರಿಲ್ಲ. ಹೊಸ ಟೀಮು ಸೋಲ್ಬೇಕಾದ್ದೆ. ಆದ್ರೆ ಆ ಹುಡುಗಿ ಗೆರೆ ದಾಟೋಕೆ ಮುಂಚೆ ನಿನ್ ಮೊಕ ನೋಡ್ತಾಳಲ್ಲ, ಅಲ್ಲಿ ಅವಳಿಗೆ ಏನು ಕಾಣ್ತದೆ ಹೇಳು?"

"ಏನು ಸಾ?"

"ನಿನ್ ಕಾಲು. ಹೆದ್ರುಕೊಂಡು ಆಡೋರ್ಗೇ ಜಾಸ್ತಿ ಏಟು ಬೀಳೋದು ಕಣವ್ವ. ಅರ್ಧ ಮನಸ್ಸಲ್ಲಿ ತಿರುಗಿದ್ರೆ ಮಂಡಿ ಅಲ್ಲೇ ಹೋಗ್ತದೆ."

ಮೈಯೆಲ್ಲ ಉರಿಯಿತು. ನಿಮಗೇನು ಗೊತ್ತು, ಮುರಿದಿದ್ದು ನಿಮ್ಮ ಮಂಡಿಯಲ್ಲ ಅಂದುಬಿಟ್ಟೆ. ಅವರು ಹೋಗಿ ಮಣ್ಣಿಗೆ ನೀರು ಚಿಮುಕಿಸತೊಡಗಿದರು. ಆ ದಿನದಿಂದ ಒಂದು ಭಯಕ್ಕೆ ಎರಡಾಯಿತು. ಬಿಟ್ಟರೆ ಅವಳ ಕಾಲು ಹೋದೀತು, ಹಿಡಿದರೂ ಹೋದೀತು.

ಆಮೇಲೆ ಟಿ. ನರಸೀಪುರದ ಪಂದ್ಯ ಬಂತು. ಮ್ಯಾಟಿನ ಪಂದ್ಯ. ಅಲ್ಲಿ ಇಳಿದರೆ ಜನರ ನಡುವೆ ಹುಡುಗಿಯ ತಾಯಿ. ತವರು ಆ ಕಡೆಯದಂತೆ, ಮಗಳ ಆಟವನ್ನು ಮೊದಲ ಸಲ ನೋಡಲು ಬಂದಿದ್ದಾಳೆ. 

ಕೊನೆಯ ಭಾಗದಲ್ಲಿ ನಾವು ಹಿಂದಿದ್ದೆವು. ನಮ್ಮ ಎರಡು ರೈಡು ಸತತವಾಗಿ ಖಾಲಿ ಹೋಗಿದ್ದವು. ಮೂರನೆಯದರಲ್ಲಿ ಪಾಯಿಂಟ್ ತರದಿದ್ದರೆ ರೈಡರ್ ಔಟ್, ಅದು ನಿಯಮ. ಹೋಗಬೇಕಾದವಳು ಅವಳೇ. ಇಣುಕಿ ಬಂದರೆ ನಡೆಯುವುದಿಲ್ಲ, ಆಳಕ್ಕೆ ಹೋಗಲೇಬೇಕು, ತಿರುಗಲೇಬೇಕು. ಅವಳು ನಡುಗೆರೆಯ ಹತ್ತಿರ ನಿಂತು ಎಂದಿನಂತೆ ನನ್ನತ್ತ ನೋಡಿದಳು.

ಅಂಗೈ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಅದನ್ನು ತೊಡೆಯ ಕೆಳಗೆ ತುರುಕಿ ಅದರ ಮೇಲೆ ಕೂತುಬಿಟ್ಟೆ. ಮುಖವನ್ನು ಏನು ಮಾಡಲಿ? ತಲೆ ಬಗ್ಗಿಸಿ ನೆಲ ನೋಡಿದೆ. "ಕಬಡ್ಡಿ ಕಬಡ್ಡಿ" ಅನ್ನುವ ಅವಳ ಸದ್ದು ದೂರ ಹೋಯಿತು.

ಜನ ಹೋ ಎಂದಾಗ ತಲೆ ಎತ್ತಿದೆ. ಎದುರಾಳಿಗಳ ಮೂಲೆಯಲ್ಲಿ ನಿಂತಿದ್ದ ಹುಡುಗಿ ಅವಳ ಪಾದಕ್ಕೆ ಕೈ ಹಾಕಿದ್ದಳು. ಇವಳು ಹಾರಿದಳು, ಗಾಳಿಯಲ್ಲೇ ತಿರುಗಿದಳು, ಬೋರಲು ಬಿದ್ದು ಕೈ ಚಾಚಿದಳು. ಬೆರಳು ನಡುಗೆರೆಯ ಮೇಲಿತ್ತು. ರೆಫರಿಯ ಶಿಳ್ಳೆ ಕೇಳಿಸಿತು. ಅವಳು ಏಳಲಿಲ್ಲ.

ಅಯ್ಯೋ, ಹೋಯಿತು ಅಂದುಕೊಂಡೆ. ನಾನು ಯಾವಾಗ ಎದ್ದೆ, ಯಾವಾಗ ಓಡಿದೆ, ತಿಳಿಯದು. ಮ್ಯಾಟಿನ ಅಂಚಿನಲ್ಲಿ ನನ್ನ ಬಲಗಾಲು ಕೈಕೊಟ್ಟು ಧೊಪ್ಪನೆ ಬಿದ್ದೆ. ಮಂಡಿಯಲ್ಲಿ ಬೆಂಕಿ ಇಟ್ಟಂತಾಯಿತು. ಕಣ್ಣು ಬಿಟ್ಟರೆ ಆ ಹುಡುಗಿ ನೆಟ್ಟಗೆ ಎರಡೂ ಕಾಲ ಮೇಲೆ ನನ್ನೆದುರು ನಿಂತಿದ್ದಾಳೆ. ಉಸಿರು ಕಟ್ಟಿ ಒಂದು ಗಳಿಗೆ ಮಲಗಿದ್ದಳಂತೆ, ಅಷ್ಟೆ. "ಅಕ್ಕ, ಪಾಯಿಂಟ್ ಬಂತು," ಅನ್ನುತ್ತ ಅಳುತ್ತಿದ್ದಳು, ನನ್ನನ್ನು ನೋಡಿ.

ಅಷ್ಟರಲ್ಲಿ ಜನರನ್ನು ತಳ್ಳಿಕೊಂಡು ಅವಳ ತಾಯಿ ಬಂದಳು. ಕೊಟ್ಟ ಮಾತು ಕೇಳಲು ಬರುತ್ತಿದ್ದಾಳೆ, ಮಗಳನ್ನು ಎಳೆದುಕೊಂಡು ಹೋಗುತ್ತಾಳೆ ಅಂತ ನಾನು ಕಣ್ಣು ಮುಚ್ಚಿಕೊಂಡೆ. ಆಕೆ ನನ್ನ ಪಕ್ಕ ನೆಲದಲ್ಲಿ ಕೂತು, ನನ್ನ ಕಾಲನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಕೂಲಿ ಮಾಡಿ ಒರಟಾದ ಅಂಗೈ ಮಂಡಿಯ ಮೇಲಿನ ಹೊಲಿಗೆಯ ಗುರುತನ್ನು ಸವರಿತು.

"ನೋಯ್ತದಾ ಮಗ?"

ಮತ್ತೆ ಯಾವಾಗ ಆಡ್ತೀಯ, ಮದುವೆ ಹೆಂಗೆ, ಕೆಲಸ ಹೆಂಗೆ, ಎಲ್ಲ ಕೇಳಿದ್ದರು ಜನ. ಇದೊಂದನ್ನು ಕೇಳಿರಲಿಲ್ಲ. "ನೋಯ್ತದೆ ಅಕ್ಕ," ಅಂದೆ. ಅಷ್ಟು ವರ್ಷದ ಅಳು ಒಟ್ಟಿಗೆ ಬಂತು.

ರೆಫರಿ ಶಿಳ್ಳೆ ಊದಿ ಕರೆಯುತ್ತಿದ್ದರು. ಹುಡುಗಿ ಕದಲದೆ ನಿಂತೇ ಇದ್ದಳು. ತಾಯಿ ತಲೆ ಎತ್ತಿ ಮಗಳನ್ನು ಗದರಿದಳು.

"ಇಲ್ಯಾಕ್ ನಿಂತಿದೀಯ? ಇವ್ಳ ಕಾಲ್ನ ನಾ ನೋಡ್ಕತೀನಿ. ನೀ ಓಗಿ ಆಡು, ಓಗು!"