ಹಣಮಪ್ಪನ ಮುಂದಿನ ಗ್ಯಾಸ್‌ಬತ್ತಿ

ಕಮಲಾಪುರದ ತಾಲೀಮಿನಲ್ಲಿ ಕುಸ್ತಿ ಕಲಿಸುವ ವಸ್ತಾದ ನಬಿಸಾಬನ ಮುಂದೆ ಎಂಥ ಪೈಲ್ವಾನನೂ ತಲೆ ತಗ್ಗಿಸಿ ನಿಲ್ಲುತ್ತಿದ್ದ. ಅಂಥವನಿಗೂ ಒಂದು ಅಂಜಿಕೆ ಇತ್ತು: ಎಲ್ಲಿ ಯಾರ ಮನಸ್ಸು ನೋಯುತ್ತದೋ ಎಂಬುದು. ಒಳ್ಳೆಯ ಗುಣವೇ, ಇಲ್ಲವೆನ್ನುವವರಾರು? ಆದರೆ ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ನಿಜಾಮರ ಕಾಲ. ಹುಡುಗರು ಹಗಲೆಲ್ಲ ಬಾಳೆತೋಟದಲ್ಲಿ ದುಡಿದು, ಹೊತ್ತು ಮುಳುಗಿದ ಮೇಲೆ ಬಯಲಿನ ಕುಸ್ತಿ ಕಣಕ್ಕೆ ಇಳಿಯುತ್ತಿದ್ದರು. ದೀವಟಿಗೆಯ ಹೊಗೆಯಲ್ಲಿ ಯಾರ ಕೈ ಎಲ್ಲಿದೆ ಎಂಬುದೇ ತಿಳಿಯುತ್ತಿರಲಿಲ್ಲ. ಆ ವರ್ಷ ಕಲಬುರಗಿಯ ಉರುಸಿನ ಕುಸ್ತಿಗೆ ದೇವೀಂದ್ರಪ್ಪ ತಯಾರಾಗುತ್ತಿದ್ದ. ಗಂಡ ಸತ್ತ ಅಂಬಮ್ಮನ ಒಬ್ಬನೇ ಮಗ. ಇವನಿಗೇನಾದರೂ ಆದರೆ ಆ ತಾಯಿಗೆ ಯಾವ ಮುಖ ತೋರಿಸಲಿ ಎಂಬ ಚಿಂತೆ ನಬಿಸಾಬನನ್ನು ಕೊರೆಯುತ್ತಿತ್ತು. ಅದಕ್ಕೇ ಊರ ಹಿರಿಯ ನಾಗಣ್ಣನನ್ನು ಜೊತೆಗೆ ಕರೆದುಕೊಂಡು, ಕಣಕ್ಕೊಂದು ಒಳ್ಳೆಯ ದೀಪ ಕೊಂಡು ತರಲು ಕಲಬುರಗಿಗೆ ಹೋದ.

ಬಜಾರಿನ ದೀಪದ ಅಂಗಡಿಯಲ್ಲಿ ಮಾಲೀಕ ಚಾಂದಪಾಶಾ ಮೊದಲು ಕಂದೀಲುಗಳನ್ನು ಹಚ್ಚಿ, ಕಣದ ಸುತ್ತ ಇಟ್ಟರೆ ಸಾಕೆಂದ. ನಾಗಣ್ಣ ಮೂಗು ಮುರಿದ. ಆಮೇಲೆ ಚಾಂದಪಾಶಾ ಗ್ಯಾಸ್‌ಬತ್ತಿಗೆ ಗಾಳಿ ಹೊಡೆದ. ಅಬ್ಬಾ, ಮೂಲೆಯ ಜೇಡರಬಲೆಯೂ ಎದ್ದು ಕಂಡಿತು! ನಾಗಣ್ಣ ಇದೇ ಬೇಕೆಂದು ಪಟ್ಟು ಹಿಡಿದ. ನಬಿಸಾಬನಿಗೂ ಮನಸ್ಸಾಯಿತು.

"ವಸ್ತಾದ್, ಆಳೆತ್ತರಕ್ಕ ಮಾತ್ರ ಕಟ್ಟಬ್ಯಾಡ್ರಿ. ಕಣದ ನಡುವ, ಮ್ಯಾಲ ಕಟ್ರಿ. ಎದುರಿಗಿದ್ರ ಕಣ್ಣು ಕತ್ತಲಗಟ್ಟತಾವ" ಎಂದ ಚಾಂದಪಾಶಾ.

ನಬಿಸಾಬ್ ಇದನ್ನು ಕಿವಿಯಾರೆ ಕೇಳಿಸಿಕೊಂಡ. ಆದರೆ ಕಮಲಾಪುರಕ್ಕೆ ಬಂದ ಮೇಲೆ ಬೇರೆಯೇ ತೊಡಕು. ಕಣದ ಅಂಚಿಗೆ ಕಲ್ಲಿನ ಗೂಡಿನಲ್ಲಿ ತಾಲೀಮಿನ ದೇವರು ಹಣಮಪ್ಪನಿದ್ದ. ತಾಲೀಮಿಗೆ ಯಾವ ಬೆಳಕು ಬಂದರೂ ಮೊದಲು ಅವನಿಗೆ ಸಲ್ಲಬೇಕು. ದೀವಟಿಗೆಯನ್ನೂ ಅವನ ಮುಂದೆಯೇ ನೆಡುತ್ತಿದ್ದರು. ಬತ್ತಿಯನ್ನು ಮೇಲೆ ಕಟ್ಟಿದರೆ ಗೂಡಿನೊಳಗೆ ಕತ್ತಲೆ. ಸಾಬ ಬಂದು ನಮ್ಮ ದೇವರನ್ನು ಕತ್ತಲಲ್ಲಿಟ್ಟ ಎಂದು ನಾಳೆ ಯಾರಾದರೂ ಅಂದರೆ? ಹಾಗೆ ಯಾರೂ ಅಂದಿರಲಿಲ್ಲ, ಅನ್ನುವವರೂ ಇರಲಿಲ್ಲ. ಆದರೂ ನಬಿಸಾಬ್ ತನ್ನ ಕೈಯಾರೆ ಗೂಡಿನ ಮುಂದೆ, ಆಳೆತ್ತರಕ್ಕೆ ಬತ್ತಿ ಕಟ್ಟಿದ. ನಾಗಣ್ಣ ಕೈಮುಗಿದ, ಹುಡುಗರ ಮುಖ ಅರಳಿತು.

ಅಂದಿನಿಂದಲೇ ದೇವೀಂದ್ರಪ್ಪ ಗೂಡಿನ ಕಡೆ ತಿರುಗಿದಾಗಲೆಲ್ಲ ಕಣ್ಣು ಕಿರಿದು ಮಾಡುತ್ತಿದ್ದ. ನಬಿಸಾಬ್ ನೋಡಿದ. ಬತ್ತಿ ಬಿಚ್ಚಲೆಂದು ಹತ್ತಿರ ಹೋದರೆ ನಾಗಣ್ಣ ಅದರ ಪಕ್ಕದಲ್ಲೇ ಭಕ್ತಿಯಿಂದ ಕುಳಿತಿದ್ದ. ಇವನು ಗಾಜು ಒರೆಸಿದಂತೆ ಮಾಡಿ ಹಿಂದಕ್ಕೆ ಬಂದ. ಏನು ಹೇಳೋಣ ಇಂಥವನಿಗೆ!

ಉರುಸು ಹತ್ತಿರವಾದಾಗ ಒಂದು ಸಂಜೆ, ಜೊತೆಯ ಪೈಲ್ವಾನ ಲಾಲ್ ಅಹ್ಮದ್ ಬಗ್ಗಿ ದೇವೀಂದ್ರಪ್ಪನ ಕಾಲಿಗೆ ಕೈ ಹಾಕಿದ. ಬೆಳಕಿಗೆ ಮುಖ ಮಾಡಿದ್ದ ದೇವೀಂದ್ರಪ್ಪನಿಗೆ ಆ ಕೈ ಕಾಣಲೇ ಇಲ್ಲ. ಎತ್ತಿದ ರಭಸಕ್ಕೆ ತಲೆ ಕೆಳಗಾಗಿ ಬಿದ್ದ. ನಬಿಸಾಬ್ ಓಡಿ ಹೋಗಿ ಅವನ ಪಾದ ಹಿಂಡಿದ, ತೊಡೆ ಚಿವುಟಿದ. ಹುಡುಗನಿಗೆ ಎಚ್ಚರವಿತ್ತು, ಕೈಕಾಲು ಮಾತ್ರ ಅಲುಗಲಿಲ್ಲ.

"ಕಾಣಲಿಲ್ಲೇನೋ, ಮಗನ?"

"ಮೊದಲಿನ ದಿನದಿಂದ ಕಾಣಂಗಿಲ್ರಿ ವಸ್ತಾದ್ರ. ನೀವು ನಮ್ಮ ದೇವರಿಗಂತ ಕಟ್ಟೀರಿ. ತೆಗೀರಿ ಅಂತ ಹ್ಯಾಂಗ ಹೇಳ್ಲಿ?"

ಹೆಂಗಸರು ಕಾಲಿಡದ ಆ ಕಣಕ್ಕೆ ಅಂಬಮ್ಮ ಬಂದಳು. ನಬಿಸಾಬ್ ಅವಳ ಕಾಲ ಬಳಿ ಕುಸಿದು ನಡೆದದ್ದೆಲ್ಲ ಹೇಳಿ ಗಳಗಳನೆ ಅತ್ತ. ಅವಳು ಅಳಲಿಲ್ಲ.

"ಹಣಮಪ್ಪ ಕತ್ತಲದಾಗೇ ಲಂಕಾ ಹೊಕ್ಕು ಸೀತವ್ವನ್ನ ಹುಡುಕ್ಯಾನ. ಅವಗ್ಯಾಕ ಬೇಕಿತ್ರಿ ಬೆಳಕು, ಸಾಬರ? ಕಾಣಬೇಕಾಗಿದ್ದು ನನ್ನ ಮಗಗ."

ಮರುದಿನದಿಂದ ತಾನು ಸಾಯುವತನಕ ನಬಿಸಾಬ್ ದಿನಾ ಬೆಳಿಗ್ಗೆ ಆ ಮನೆಗೆ ಹೋಗಿ, ದೇವೀಂದ್ರಪ್ಪನ ಮೈ ತಿಕ್ಕಿ ತೊಳೆದು, ಹೆಗಲ ಮೇಲೆ ಹೊತ್ತು ತಂದು ಅಂಗಳದ ಬಿಸಿಲಿಗೆ ಒರಗಿಸಿ ಕೂಡಿಸುತ್ತಿದ್ದ. ಅಂಬಮ್ಮ ಅವನಿಗೆ ಒಂದು ದಿನವೂ ಬಾಗಿಲು ಮುಚ್ಚಲಿಲ್ಲ. ಒಂದು ಮಾತೂ ಆಡಲಿಲ್ಲ.