ಇಬ್ಬರ ಪಾಲಿನ ಮುತ್ತು
ಉರುಗ್ವೆ ದೇಶದ ಪೈಸಂದು ಊರಿನಲ್ಲಿ ಯಾರ ಮನೆಗೆ ಹೋದರೂ ಅಲ್ಲಿರುವ ಅಷ್ಟೂ ಜನರ ಕೆನ್ನೆಗೆ ಒಂದೊಂದು ಮುತ್ತು ಕೊಟ್ಟೇ ಕೂರಬೇಕು. ನೆಲಿದಾ ಮಾತ್ರ ಎರಡೆರಡು ಕೊಡುತ್ತಾಳೆ. "ಇದು ನಂದು, ಇದು ನಮ್ಮ ಮೈತೇದು." ಹದಿನೈದರ ಮಗಳು ಮೈತೆಗೆ ಆಟಿಸಂ. ಉರುಗ್ವೆ ನದಿಗೆ ಯಾವ ವರ್ಷ ಎಷ್ಟು ನೆರೆ ಬಂದಿತ್ತೆಂದು ಸೆಂಟಿಮೀಟರಿನ ಲೆಕ್ಕದಲ್ಲಿ ಹೇಳುವ ಹುಡುಗಿ, ಯಾರಾದರೂ ಮುಖ ಹತ್ತಿರ ತಂದರೆ ಸಾಕು, ಓಡಿಹೋಗಿ ಅಂಗಳದಲ್ಲಿರುತ್ತಾಳೆ. ಹಾಗಾಗಿ ನೆಲಿದಾ ಬೇಕರಿಯವಳಿಗೂ ಎರಡು, ಮೇಷ್ಟ್ರಿಗೂ ಎರಡು, ಪಾದ್ರಿಗೂ ಎರಡು ಕೊಡುತ್ತಾಳೆ. "ನಿನ್ನ ತುಟಿ ಸವೆದುಹೋಗುತ್ತೆ ಕಣೇ" ಎಂದು ನಾದಿನಿ ಓಲ್ಗಾ ರೇಗಿಸಿದರೆ, "ಸವೀಲಿ ಬಿಡೇ, ಮಗು ನೆಮ್ಮದಿಯಾಗಿದೆಯಲ್ಲ" ಎನ್ನುತ್ತಾಳೆ. ಎರಡನೇ ಸಲವೂ ಬೇಸರಿಸದೆ ಕೆನ್ನೆಯೊಡ್ಡುವ ಊರಿಗೆ ಮನಸ್ಸಿನಲ್ಲೇ ಕೈಮುಗಿಯುತ್ತಾಳೆ. ಅಲ್ಲಿನ ರೂಢಿಯಂತೆ ಪ್ರತಿ ತಿಂಗಳ ಇಪ್ಪತ್ತೊಂಬತ್ತಕ್ಕೆ ಮನೆಮಂದಿಯೆಲ್ಲ ಓಲ್ಗಾಳ ಮನೆಯಲ್ಲಿ ಆಲೂಗಡ್ಡೆಯ ಪುಟ್ಟ ಕಡುಬು, ನ್ಯೋಕಿ, ತಿನ್ನಲು ಸೇರುತ್ತಾರೆ. ಕಳೆದ ಸಲ ನೆಲಿದಾ ಹಲ್ಲು ಕೀಳಿಸಿಕೊಂಡು, ಕೆನ್ನೆ ಊದಿಸಿಕೊಂಡು, ತುಟಿ ಅಲ್ಲಾಡಿಸಲಾಗದೆ ಬಂದಳು. ಮೈತೆ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿದಳು. ಆಮೇಲೆ ಮುಷ್ಟಿ ಬಿಗಿದು, ಪ್ರತಿ ಸಲವೂ ಕಣ್ಣು ಗಟ್ಟಿಯಾಗಿ ಮುಚ್ಚಿ, ಹದಿನಾಲ್ಕು ಜನರ ಕೆನ್ನೆಗೂ ಒಂದೊಂದು ಮುತ್ತು ಕೊಟ್ಟಳು. "ಅಯ್ಯೋ ನನ್ನ ಚಿನ್ನ, ಕೊನೆಗೂ ಕೊಟ್ಟೆಯಲ್ಲೇ!" ಎಂದು ಓಲ್ಗಾ ಕಣ್ಣೊರೆಸಿಕೊಂಡಳು. "ಇವೆಲ್ಲ ಅಮ್ಮಂದು, ಅತ್ತೆ" ಎಂದಳು ಮೈತೆ. "ನಂದನ್ನ ಬಾಯಿ ವಾಸಿಯಾದ್ಮೇಲೆ ಅವಳೇ ಕೊಡ್ತಾಳೆ."