ಕಾನೂನು ಮೇಷ್ಟ್ರ ಉಪಕಾರ ಸ್ಮರಣೆ

ಕಾನೂನು ಕಾಲೇಜಿನ ಮೇಷ್ಟ್ರಿಗೆ ಸಂವಿಧಾನವೆಂದರೆ ಜೀವ, ಮುಲಾಜೆಂದರೆ ಆಗದು. ಸರ್ಕಾರ ಮಿತಿ ಮೀರಿದರೂ ಸುಮ್ಮನಿರುತ್ತಾರೆಂದು ನ್ಯಾಯಮೂರ್ತಿಯೊಬ್ಬರನ್ನು ಲೇಖನದ ಮೇಲೆ ಲೇಖನ ಬರೆದು ತರಾಟೆಗೆ ತೆಗೆದುಕೊಂಡಿದ್ದರು. ಕಡೆಗೊಂದು ದಿನ ಸರ್ಕಾರ ಸಿಟ್ಟಿಗೆದ್ದು, ಕಾರಣವನ್ನೂ ಹೇಳದೆ ಮೇಷ್ಟ್ರನ್ನೇ ಕೆಲಸದಿಂದ ಕಿತ್ತುಹಾಕಿತು. ಮೊಕದ್ದಮೆ ಹೋಗಿ ಬಿದ್ದದ್ದು ಅದೇ ನ್ಯಾಯಮೂರ್ತಿಯ ಮುಂದೆ.

"ಮುಗೀತು ಕಥೆ," ಎಂದು ಹೆಂಡತಿ ಹಣೆ ಚಚ್ಚಿಕೊಂಡರು.

ಆದರೆ ನ್ಯಾಯಮೂರ್ತಿ ಸರ್ಕಾರದ ಆದೇಶವನ್ನೇ ರದ್ದುಮಾಡಿದರು. ಮೇಷ್ಟ್ರ ಕಣ್ಣು ತುಂಬಿ ಬಂತು.

ಮರುದಿನ ಬೆಳಿಗ್ಗೆ ಅವರು ಅಡುಗೆಮನೆಯ ಮೇಜಿನ ಮೇಲೆ ತೀರ್ಪು ಹರಡಿಕೊಂಡು ಪೆನ್ಸಿಲ್ ಹಿಡಿದು ಕೂತಿದ್ದರು. "ತೀರ್ಪೇನೋ ಸರಿ ಕಣೇ, ಕೊಟ್ಟ ಕಾರಣ ಮಾತ್ರ ಜಾಳುಜಾಳು. ನಾಳೆ ಯಾವ ಸರ್ಕಾರ ಬೇಕಾದ್ರೂ ಇದರಲ್ಲಿ ನುಸುಳಿಬಿಡುತ್ತೆ."

"ಕೆಲಸ ಉಳಿಸಿದೋರನ್ನೇ ಬೈತೀರಾ? ಉಪಕಾರ ಸ್ಮರಣೆ ಬೇಡ್ವೇನ್ರೀ?"

ಮೇಷ್ಟ್ರು ಲೇಖನದ ನೆತ್ತಿಯ ಮೇಲೆ 'ನನ್ನ ಕೆಲಸ ಉಳಿಸಿದವರಿಗೆ, ಕೃತಜ್ಞತೆಯಿಂದ' ಎಂದು ಬರೆದು, ಕೆಳಗೆ ತೀರ್ಪನ್ನು ಎಳೆಎಳೆಯಾಗಿ ಬಿಚ್ಚಿಟ್ಟರು.

ಲೇಖನ ಅಚ್ಚಾಗುವಷ್ಟರಲ್ಲಿ ನ್ಯಾಯಮೂರ್ತಿ ನಿವೃತ್ತರಾಗಿದ್ದರು. ಓದಿದ ಕೂಡಲೇ ಅವರೇ ಮೇಷ್ಟ್ರ ಮನೆಗೆ ಫೋನು ಮಾಡಿದರು. ಫೋನೆತ್ತಿದ್ದು ಹೆಂಡತಿ. "ತಪ್ಪು ತಿಳ್ಕೋಬೇಡಿ ಸಾರ್," ಎಂದು ತೊದಲಿದರು.

ಆ ಕಡೆಯಿಂದ ನಗು ಕೇಳಿಸಿತು. "ಅವರ ಬಾಯಿ ಮುಚ್ಚಿಸಬಾರದು ಅಂತ ತಾನೇಮ್ಮಾ ನಾನು ತೀರ್ಪು ಕೊಟ್ಟಿದ್ದು? ಅವರೇನಾದ್ರೂ ನನ್ನ ಹೊಗಳಿದ್ರೆ, ಕೊಟ್ಟಿದ್ದೇ ದಂಡ ಆಗ್ತಿತ್ತು."